ಬಾಲ್ಬಿನಾ ಸಹಿ ಮಾಡದ ಕಾಗದ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಹೊರಟರೂ ಕೊನೆಗೆ ಬರುವಷ್ಟರಲ್ಲಿ ಕೆಳಗಿಳಿದಿರುತ್ತದೆ. ಒಂಬತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಒಳ್ಳೊಳ್ಳೆಯ ಮಾತುಗಳು ನನ್ನ ಹತ್ತಿರ ಹೆಚ್ಚು ಇಲ್ಲ. ಅದಕ್ಕೆ ಪ್ರತಿಯೊಂದನ್ನೂ ಮೊದಲು ಬೇರೆ ಹಾಳೆಯಲ್ಲಿ ಬರೆದು, ಅಮ್ಮನಿಗೆ ಓದಿ ಹೇಳಿ, ಅವಳು "ಹೌದು, ಹಾಗೇ ಆಗಿದ್ದು" ಎಂದ ಮೇಲೆ ಇಲ್ಲಿ ಇಳಿಸಿದ್ದೇನೆ. ಅವಳು ತಲೆ ಅಲ್ಲಾಡಿಸಿದ್ದನ್ನು ಬಿಟ್ಟಿದ್ದೇನೆ.

ಚೌಪಿಲೋಮದ ನಮ್ಮ ಸಮುದಾಯ ಭವನದಲ್ಲಿ ಓದುವ ಕೋಣೆ ಆದ ಮೇಲೆ, ತೀರಿಕೊಂಡವರಲ್ಲಿ ಒಬ್ಬೊಬ್ಬರ ಬದುಕನ್ನು ಒಂದೊಂದು ಮನೆಯವರು ಬರೆದಿಡಬೇಕು ಎಂದು ಸಭೆ ಹೇಳಿತು. ಬಾಲ್ಬಿನಾ ಮೊರೊಚೊ ಅವರಿಗೆ ಮಕ್ಕಳಿರಲಿಲ್ಲ. ದೀಕ್ಷಾಸ್ನಾನದ ದಿನ ನನ್ನನ್ನು ತೋಳಲ್ಲಿ ಎತ್ತಿಕೊಂಡಿದ್ದವರು ಅವರೇ. ಆದ್ದರಿಂದ ಅವರ ಬದುಕು ನಮ್ಮ ಮನೆಯ ಪಾಲಿಗೆ ಬಂತು. ನಾನು ಅವರನ್ನು ಮದ್ರಿನಾ, ಅಂದರೆ ಧರ್ಮತಾಯಿ ಎಂದು ಕರೆಯುತ್ತಿದ್ದೆ; ಅಮ್ಮ ಕೊಮಾದ್ರೆ ಎನ್ನುತ್ತಿದ್ದಳು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮದ್ರಿನಾ ಕೆಳಗಿನ ಪೇಟೆ ಪುಕಾರುಮಿಯ ಪುರಸಭೆಯಲ್ಲಿ ಇಪ್ಪತ್ತೆರಡು ವರ್ಷ ಮೂರನೆಯ ಕೌಂಟರಿನಲ್ಲಿ ಕೂತಿದ್ದರು. ನೀರಿನ ಸಂಪರ್ಕ, ಸಂತೆಯಲ್ಲಿ ಕೂರುವ ಜಾಗದ ಪರವಾನಗಿ, ಸಮಾಧಿಗೆ ಜಾಗ, ಈ ಮೂರರ ಅರ್ಜಿ ಅವರ ಕೈಯಲ್ಲಿ. ಪುರಸಭೆಯವರು ಕೊಟ್ಟ ನೀಲಿ ಕೋಟನ್ನು ಅವರು ನಮ್ಮ ಕಪ್ಪು ಅನಾಕೊ ಸುತ್ತುಲಂಗದ ಮೇಲೆಯೇ ಹಾಕಿಕೊಳ್ಳುತ್ತಿದ್ದರು. "ಸಮವಸ್ತ್ರ ಅಂದ್ರೆ ಪೂರ್ತಿ ಹಾಕ್ಬೇಕು ಬಾಲ್ಬಿನಾ" ಎಂದು ಮೇಲ್ವಿಚಾರಕ ಸಾಲ್ಗಾದೊ ಗದರಿಸಿದರೆ, "ಕೌಂಟರಿನಿಂದ ಮೇಲೆ ಇರೋದಷ್ಟೇ ಜನಕ್ಕೆ ಕಾಣೋದು ಸರ್, ಕೆಳಗಿಂದು ನನ್ನ ಸ್ವಂತದ್ದು" ಎನ್ನುತ್ತಿದ್ದರಂತೆ. ಅವರು ಯಾರಿಗಾದರೂ ಎದುರು ಮಾತನಾಡಿದ್ದು ಅಷ್ಟೇ. ಉಳಿದ ಎಲ್ಲದರಲ್ಲೂ ತುಂಬಾ ಅಂಜುವವರು. ನಾಲ್ಕು ಜನರ ಮುಂದೆ ಎದ್ದು ನಿಂತರೆ ಕತ್ತು ಕೆಂಪಾಗುತ್ತಿತ್ತು.

ನಾಲ್ಕು ಕೌಂಟರುಗಳಲ್ಲಿ ನಮ್ಮ ಮಾತು ಕಿಚುವಾ ಬರುತ್ತಿದ್ದದ್ದು ಅವರೊಬ್ಬರಿಗೆ. ಬೆಟ್ಟದ ಮೇಲಿಂದ ಬಂದವರು ಉಳಿದ ಮೂರು ಕೌಂಟರ್ ಖಾಲಿ ಇದ್ದರೂ ಮೂರನೆಯದರ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಒಂದು ಸಲ ಮದ್ರಿನಾ ಹಲ್ಲು ಕೀಳಿಸಲು ರಜೆ ಹಾಕಿದ್ದರು. ಅವತ್ತೇ ನಮ್ಮೂರಿನ ಮಿಕಾಯ್ಲಾ ಅಜ್ಜಿ ತೀರಿಹೋದ ಗಂಡನ ಹೆಸರಲ್ಲಿದ್ದ ನಲ್ಲಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೋಗಿದ್ದಾಳೆ. ಪಕ್ಕದ ಕೌಂಟರಿನವರು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದರು, ಅಜ್ಜಿ ಮರ್ಯಾದೆಗೆ ತಲೆಯಾಡಿಸಿದಳು. ಪರದೆಯ ಮೇಲೆ "ಸಂಪರ್ಕ ಬಿಟ್ಟುಕೊಡುತ್ತೇನೆ" ಎನ್ನುವ ಕಡೆ ಗುರುತು ಬಿತ್ತು. ಅಜ್ಜಿ ಹೆಬ್ಬೆಟ್ಟು ಒತ್ತಿ, ಅವರಿಗೊಂದು ನಮಸ್ಕಾರ ಹೇಳಿ ಬಂದಳು. ಮುಂದಿನ ವಾರ ನೀರು ನಿಂತಿತು. ಅದನ್ನು ಸರಿಪಡಿಸಲು ಐದು ತಿಂಗಳು ಹಿಡಿಯಿತು. ಐದು ತಿಂಗಳೂ ಎಪ್ಪತ್ತು ದಾಟಿದ ಅಜ್ಜಿ ಕಣಿವೆಗಿಳಿದು ಬೆನ್ನ ಮೇಲೆ ನೀರು ಹೊತ್ತಳು.

"ಪರದೆ ಅವಳ ಕಡೆ ತಿರುಗಿಸಿದ್ರೂ ಏನು ಪ್ರಯೋಜನ, ಅದರಲ್ಲಿ ಇರೋದು ಅವಳ ಮಾತಲ್ಲ" ಎಂದು ಮದ್ರಿನಾ ಅಮ್ಮನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ಅಮ್ಮ ಪುರಸಭೆಯ ಎದುರಿನ ಕಮಾನಿನ ಕೆಳಗೆ ಬೇಯಿಸಿದ ಜೋಳ ಮಾರುತ್ತಾಳೆ. ಮಧ್ಯಾಹ್ನ ಮದ್ರಿನಾ ಅಲ್ಲಿಗೆ ಬಂದು ಮಣೆಯ ಮೇಲೆ ಕೂತು ತಿನ್ನುತ್ತಿದ್ದರು.

ಸರ್ಕಾರಿ ಕಚೇರಿಗಳೆಲ್ಲ, ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ಬದಲಾಗಬೇಕು ಎಂದು ಆದೇಶ ಬಂದಾಗ ನನಗೆ ಹತ್ತು ವರ್ಷ. ಪ್ರಾಂತ್ಯದ ಕಚೇರಿಯಿಂದ ಲಿಸಾಂದ್ರೊ ಪುಗಾ ಎಂಬ ಇಂಜಿನಿಯರ್ ಬಂದರು. ತೆಳ್ಳಗಿದ್ದರು, ನಮ್ಮ ಧೂಳಿಗೆ ದಿನವಿಡೀ ಸೀನುತ್ತಿದ್ದರು. ಎಲ್ಲರೂ ಅವರನ್ನು "ಇಂಜೆ" ಎನ್ನುತ್ತಿದ್ದರು. ಎರಡು ವಾರದಲ್ಲಿ ಹದಿನಾಲ್ಕು ಕಂಪ್ಯೂಟರುಗಳನ್ನೂ ಬದಲಾಯಿಸಿದರು. ಮೊದಲ ದೂರು ಸಾಲ್ಗಾದೊ ಅವರದು.

"ಇಂಜೆ, ಇಸ್ಪೀಟ್ ಎಲ್ಲಿ?"

"ಇದರಲ್ಲೂ ಇದೆ ಸರ್, ಈ ಕಡೆ."

"ಇದಲ್ಲ. ನನ್ನ ಇಸ್ಪೀಟ್. ನಾಲ್ಕು ವರ್ಷದ ಲೆಕ್ಕ ಅದರಲ್ಲಿತ್ತು."

ಮದ್ರಿನಾ ಕೇಳಿದ್ದು ಬೇರೆ. ಎಲ್ಲರೂ ಊಟಕ್ಕೆ ಹೋಗುವ ತನಕ ಕಾದು, ಮೆಲ್ಲಗೆ ಕೇಳಿದರಂತೆ.

"ಇದನ್ನ ಮಾಡಿದ್ದು ಯಾರು ಇಂಜೆ?"

"ಯಾರೋ ಒಬ್ಬರಲ್ಲ ದೋನ್ಯಾ ಬಾಲ್ಬಿನಾ. ಪ್ರಪಂಚದ ತುಂಬ ಇರೋರು. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ."

"ಕೂಲಿ ಕೊಡ್ತಾರಾ?"

"ಕೆಲವರಿಗೆ ಇದೆ. ಬಹಳ ಜನಕ್ಕೆ ಇಲ್ಲ."

"ಹಂಗಾದ್ರೆ ಮಿಂಗಾ ಅನ್ನಿ."

ನಮ್ಮಲ್ಲಿ ಕಾಲುವೆ ತೋಡುವುದು, ದಾರಿ ಸರಿಮಾಡುವುದು, ಶಾಲೆಗೆ ಚಾವಣಿ ಹೊದಿಸುವುದು ಎಲ್ಲವೂ ಮಿಂಗಾದಲ್ಲೇ. ಮನೆಗೊಬ್ಬರು ಗುದ್ದಲಿ ಹಿಡಿದು ಬರುತ್ತಾರೆ, ಬುತ್ತಿಯನ್ನು ಒಂದೇ ಬಟ್ಟೆಯ ಮೇಲೆ ಸುರಿದು ಎಲ್ಲರೂ ಉಣ್ಣುತ್ತಾರೆ. ಇಂಜೆ ನಕ್ಕು, "ಹೌದು, ಮಿಂಗಾನೇ" ಎಂದರು.

"ಮಿಂಗಾ ಅಂದ್ಮೇಲೆ ನಾವೂ ಕೈ ಹಾಕ್ಬಹುದಲ್ಲ? ಈ ಮಾತುಗಳನ್ನ ಕಿಚುವಾದಲ್ಲಿ ಬರೆದ್ರೆ ಯಾರಾದ್ರೂ ಬೈತಾರಾ?"

"ಬೈಯೋದಾ! ಅದಕ್ಕೇ ಇರೋದು ಇದು. ಮೊದಲಿದ್ದ ತಂತ್ರಾಂಶದಲ್ಲಿ ಒಂದಕ್ಷರ ಬದಲಾಯಿಸೋಕೂ ಮಾಡಿದವರ ಅಪ್ಪಣೆ ಬೇಕಿತ್ತು."

ಹೀಗೆ ಮಾತಿನ ಮಿಂಗಾ ಶುರುವಾಯಿತು. ಪ್ರತಿ ಗುರುವಾರ ಸಂತೆ ಮುಗಿದ ಮೇಲೆ, ಪುರಸಭೆಯ ಹಿಂದಿನ ಹಳೆಯ ಸಭಾಂಗಣದಲ್ಲಿ. ಆಗಿನ ಮೇಯರ್ ಬೀಗದ ಕೈ ಕೊಟ್ಟರು. ಕಾಲು ಮುರಿದ ಕುರ್ಚಿಗಳು, ಒಂದು ಕಬ್ಬಿಣದ ಬೀರು, ಒಂದು ಕಂಪ್ಯೂಟರು ಇಷ್ಟೇ ಇದ್ದದ್ದು. ನೆಲದ ಮೇಲೆ ಬಟ್ಟೆ ಹಾಸಿ ಜೋಳ, ಅವರೆ, ಆಲೂಗಡ್ಡೆ ಸುರಿದು ಮೊದಲು ಊಟ, ಆಮೇಲೆ ಮಾತು. ಅಮ್ಮ ಹೋಗುತ್ತಿದ್ದಳು, ಅವಳ ಜೊತೆ ನಾನೂ ಹೋಗಿ ಮೂಲೆಯಲ್ಲಿ ಕೂರುತ್ತಿದ್ದೆ. ಇಂಜೆ ಸ್ಪ್ಯಾನಿಷ್ ಮಾತನ್ನು ಓದಿ, ಅದು ಏನು ಕೆಲಸ ಮಾಡುತ್ತದೆ ಎಂದು ತೋರಿಸುತ್ತಿದ್ದರು. ಉಳಿದವರು ಅದಕ್ಕೆ ನಮ್ಮ ಮಾತು ಹುಡುಕುತ್ತಿದ್ದರು. ಮದ್ರಿನಾ ಬೆರಳಚ್ಚು ಮಾಡುತ್ತಿದ್ದರು.

ಕಡತಗಳನ್ನು ಹಾಕಿಡುವ ಜಾಗಕ್ಕೆ ಏನೆನ್ನುವುದು ಎಂದಾಗ ಅಮ್ಮನೇ ಹೇಳಿದ್ದು: "ಶಿಗ್ರಾ ಅನ್ನಿ. ನಾವು ಹೆಣೆಯೋ ಚೀಲ. ಏನು ಬೇಕಾದ್ರೂ ಹಾಕ್ಬಹುದು, ಹಿಗ್ಗುತ್ತೆ." ಅವತ್ತು ಅವಳು ಮನೆಗೆ ಬರುವಾಗ ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಗುತ್ತಿದ್ದಳು.

ಕಂಪ್ಯೂಟರಿನ ಒಳಗೆ ಹೋಗಲು ಕೊಡಬೇಕಾದ ಗುಟ್ಟಿನ ಮಾತಿಗೆ, ಅಂದರೆ ಪಾಸ್‌ವರ್ಡಿಗೆ, ಹೆಸರು ಹುಡುಕಲು ಎರಡು ಗುರುವಾರ ಹಿಡಿಯಿತು. ಗುಂಪಿನಲ್ಲಿ ಹಿರಿಯರು, ಎಲ್ಲರೂ ತಾಯ್ತ, ಅಂದರೆ ಅಪ್ಪ, ಎನ್ನುತ್ತಿದ್ದ ಅಸೆನ್ಸಿಯೊ, "ನಮ್ಮ ಮನೆಗೆ ಬೀಗ ಎಲ್ಲಿದೆ? ನಾಯಿ ಇದೆ. ಅದಕ್ಕೆ ಗೊತ್ತಿರೋ ದನಿ ಆದ್ರೆ ಬಿಡುತ್ತೆ" ಎಂದರು.

"ಹಂಗಾದ್ರೆ ಕಂಪ್ಯೂಟರ್ ಮುಂದೆ ಬೊಗಳ್ಬೇಕಾ ತಾಯ್ತ?" ಎಂದಳು ಅಮ್ಮ.

"ನೀನು ಬೊಗಳಿದ್ರೆ ಅದು ಓಡಿಹೋಗುತ್ತೆ ದಿಗ್ನಾ."

ಏನಾದರೂ ತಪ್ಪಾದಾಗ ಪರದೆಯ ಮೇಲೆ ಬರುವ ಮಾತಿಗೆ ದೊಡ್ಡ ಜಗಳವೇ ಆಯಿತು. ಸ್ಪ್ಯಾನಿಷ್‌ನಲ್ಲಿ ಅದು "ನೀವು ಕೊಟ್ಟ ಮಾಹಿತಿ ತಪ್ಪು" ಎಂದಿತ್ತು. ಉಲ್ಲನ್ ಮಾರುವ ಹೆಂಗಸೊಬ್ಬಳು ಎದ್ದು ನಿಂತು, "ನೋಡಿದ್ರಾ, ಇದೂ ಪುರಸಭೆಯವರ ಥರಾನೇ! ಇದಕ್ಕೆ ತಿಳೀದೇ ಇದ್ರೆ ತಪ್ಪು ನಮ್ಮದಾ?" ಎಂದಳು. ಕೊನೆಗೆ ಮದ್ರಿನಾ ಬರೆದದ್ದು ಹೀಗೆ: "ನನಗೆ ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ." ಇಂಜೆ ಅದನ್ನು ಸ್ಪ್ಯಾನಿಷ್‌ಗೆ ಮಾಡಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮೂರು ವರ್ಷದಲ್ಲಿ ಅರವತ್ತೊಂದು ಜನ ಸೇರಿ ನಾಲ್ಕು ಸಾವಿರದ ಇನ್ನೂರ ಹದಿನಾರು ಮಾತುಗಳನ್ನು ಮಾಡಿದರು. ಮೂರನೆಯ ಕೌಂಟರಿನಲ್ಲಿ ಜನರ ಕಡೆಗೆ ಇನ್ನೊಂದು ಪರದೆ ಇಟ್ಟರು, ಅದರಲ್ಲಿ ಎಲ್ಲವೂ ಕಿಚುವಾ. ಅಷ್ಟರಲ್ಲಿ ಮಿಕಾಯ್ಲಾ ಅಜ್ಜಿ ವಯಸ್ಕರ ತರಗತಿಯಲ್ಲಿ ಅಕ್ಷರ ಕಲಿತಿದ್ದಳು. ಅವಳೇ ಮೊದಲು ಬಂದಳು. ನಾವೆಲ್ಲ ಹಿಂದೆ ನಿಂತಿದ್ದೆವು. ಅಜ್ಜಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಓದಿ ಮುಗಿಸಿ, "ಇಲ್ಲಿ ನನ್ನ ಹೆಸರಿನ ಮುಂದೆ ವಿಧವೆ ಅಂತ ಹಾಕಿದ್ದೀರಿ. ನಲ್ಲಿಗೂ ಅದಕ್ಕೂ ಏನು ಸಂಬಂಧ? ತೆಗೀರಿ" ಎಂದಳು. ಮದ್ರಿನಾ ತೆಗೆದರು. ಅಜ್ಜಿ ಸಹಿ ಹಾಕಿದಳು, ಹೆಬ್ಬೆಟ್ಟಲ್ಲ. ಅವತ್ತು ಮದ್ರಿನಾ ಜೋಳ ತಿನ್ನಲು ಬಂದವರು ತಿನ್ನಲೇ ಇಲ್ಲ, ತಟ್ಟೆ ಹಿಡಿದುಕೊಂಡು ಸುಮ್ಮನೆ ಕೂತಿದ್ದರು ಎಂದು ಅಮ್ಮ ಹೇಳುತ್ತಾಳೆ.

ಇಲ್ಲಿಯವರೆಗಿನದನ್ನು ಬರೆಯುವುದು ಸುಲಭ. ಮುಂದಿನದನ್ನು ಮೂರು ಸಲ ಬರೆದು ಹರಿದಿದ್ದೇನೆ.

ಇಂಜೆಯವರ ಗುತ್ತಿಗೆ ಮುಗಿಯುತ್ತಾ ಬಂದಿತ್ತು. ಅವರು ಹೇಳಿದರು: ಈ ಮಾತುಗಳು ಈಗ ಇರುವುದು ನಮ್ಮ ಪುರಸಭೆಯ ಕಂಪ್ಯೂಟರುಗಳಲ್ಲಿ ಮಾತ್ರ. ಈ ತಂತ್ರಾಂಶವನ್ನು ನೋಡಿಕೊಳ್ಳುವವರು ದೂರದಲ್ಲಿದ್ದಾರೆ. ಅವರಿಗೆ ಕಳಿಸಿದರೆ ಅವರು ಮೂಲದಲ್ಲೇ ಸೇರಿಸುತ್ತಾರೆ. ಆಮೇಲೆ ಯಾವ ದೇಶದ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ಕಿಚುವಾ ಇರುತ್ತದೆ, ಯಾರಿಂದಲೂ ಅಳಿಸಲಾಗದು. ಅದಕ್ಕೆ ಒಂದು ಕಾಗದ ತುಂಬಬೇಕು. ಕಾಗದದಲ್ಲಿ ಒಬ್ಬರು, "ಇದು ನನ್ನ ಕೆಲಸ, ಇದನ್ನು ಎಲ್ಲರಿಗೂ ಕೊಡುತ್ತಿದ್ದೇನೆ" ಎಂದು ಹೆಸರು, ವಿಳಾಸ ಬರೆದು ಸಹಿ ಮಾಡಬೇಕು.

ಆ ಗುರುವಾರ ಯಾರೂ ಉಣ್ಣಲಿಲ್ಲ. ತಾಯ್ತ ಅಸೆನ್ಸಿಯೊ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಬ್ಬರು ನನ್ನದು ಅನ್ಬೇಕಾ?"

"ಬರೀ ಕಾಗದದಲ್ಲಿ ತಾಯ್ತ. ಆಮೇಲೆ ಎಲ್ಲರದೂ ಆಗುತ್ತೆ."

"ಈಗಲೂ ಎಲ್ಲರದೇ ಅಲ್ವ? ಎಲ್ಲರದನ್ನ ಎಲ್ಲರಿಗೂ ಕೊಡೋಕೆ ಒಬ್ಬ ಯಾಕೆ ಮೊದಲು ನನ್ನದು ಅನ್ಬೇಕು?"

ಇಂಜೆ ಸೀನಿದರು.

"ನನ್ನ ತಾತನ ಕಾಲದಲ್ಲಿ ಮೇಲಿನ ಹುಲ್ಲುಗಾವಲಿಗೆ ಎಲ್ಲರ ಪರವಾಗಿ ಒಬ್ಬ ಸಹಿ ಹಾಕಿದ" ಎಂದರು ತಾಯ್ತ. "ಒಳ್ಳೇ ಮನುಷ್ಯಾನೇ. ಅವನ ಮಗ ಅದನ್ನ ಮಾರಿಬಿಟ್ಟ. ಇವತ್ತಿಗೂ ನಮ್ಮ ಕುರಿ ಅಲ್ಲಿಗೆ ಹೋಗಂಗಿಲ್ಲ. ಮಿಂಗಾಕ್ಕೆ ಯಾರೂ ಹೆಸರು ಹಾಕಂಗಿಲ್ಲ. ಕಾಲುವೆ ಮೇಲೆ ಯಾರ ಹೆಸರಿದೆ?"

ಎಲ್ಲರೂ ಹೌದು ಎಂದರು. ಅಮ್ಮನೂ ಹೌದು ಎಂದಳು. ಅದನ್ನು ಬರೆ ಎಂದು ಅವಳೇ ಹೇಳಿದ್ದಾಳೆ.

ಮೊದಲು ಕಾಗದವನ್ನಷ್ಟೇ, ಊರಿನ ಹೆಸರು ಬರೆದು ಕಳಿಸಿದರು. ಎರಡು ತಿಂಗಳಿಗೆ ಉತ್ತರ ಬಂತು: ಊರು ಮನುಷ್ಯನಲ್ಲ, ದಯವಿಟ್ಟು ಒಬ್ಬರ ಹೆಸರು ಕೊಡಿ. ಅರವತ್ತೊಂದು ಹೆಸರು ಬರೆದು ಕಳಿಸಿದರು. ಹಾಗಾದರೆ ಅರವತ್ತೊಂದು ಜನರೂ ತಮ್ಮ ತಮ್ಮ ಇಮೇಲಿನಿಂದ ಒಪ್ಪಿಗೆ ಕಳಿಸಲಿ ಎಂದು ಬಂತು. ಇಮೇಲ್ ಇದ್ದದ್ದು ನಾಲ್ಕು ಜನರಿಗೆ. "ನಾನೇ ಸಹಿ ಹಾಕಲಾ?" ಎಂದು ಇಂಜೆ ಕೇಳಿದರು. "ನೀವು ಒಳ್ಳೆಯವರು ಇಂಜೆ. ಆದ್ರೆ ನಿಮಗೆ ಕಿಚುವಾದಲ್ಲಿ ಊಟ ಬೇಡ ಅನ್ನೋಕೂ ಬರಲ್ಲ" ಎಂದರು ತಾಯ್ತ. ಎಲ್ಲರೂ ನಕ್ಕರು. ಸುಗ್ಗಿ ಮುಗಿದ ಮೇಲೆ ದೊಡ್ಡ ಸಭೆಯಲ್ಲಿ ತೀರ್ಮಾನಿಸೋಣ ಎಂದಾಯಿತು.

ಇಂಜೆಗೆ ಕರಾವಳಿಯ ಕಡೆ ಕೆಲಸ ಸಿಕ್ಕಿತು. ಅವರು ಬಳಸುತ್ತಿದ್ದ ಕಂಪ್ಯೂಟರ್ ಸರ್ಕಾರದ್ದು, ಹಿಂದಿರುಗಿಸಬೇಕಿತ್ತು. ಹೊರಡುವ ದಿನ ಮಾತುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಮದ್ರಿನಾಗೆ ಕೊಟ್ಟು, "ಮನೆಯಲ್ಲಿ ಇಟ್ಕೊಳ್ಳಿ ದೋನ್ಯಾ. ನನಗೋಸ್ಕರ" ಎಂದರು. ಬಸ್ಸು ಹೋದ ಮೇಲೆ ಮದ್ರಿನಾ ನೇರವಾಗಿ ಸಭಾಂಗಣಕ್ಕೆ ಹೋಗಿ ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಇಂಜೆ ಮನೆಗೆ ಒಯ್ಯಿ ಅಂದ್ರಲ್ಲ ಕೊಮಾದ್ರೆ?" ಎಂದು ಅಮ್ಮ ಕೇಳಿದಳು.

"ಮಿಂಗಾದ ಗುದ್ದಲಿ ಯಾರ ಮನೆಗೆ ಹೋಗುತ್ತೆ ಹೇಳು ದಿಗ್ನಾ? ನಾಳೆ ಜನ, ಬಾಲ್ಬಿನಾ ನಮ್ಮ ಮಾತನ್ನ ಮಂಚದ ಕೆಳಗೆ ಇಟ್ಕೊಂಡಿದ್ದಾಳೆ ಅನ್ನಲ್ವ?"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ನಮ್ಮ ಮಿಂಗಾದ ಹಾರೆ, ಹಗ್ಗ, ದೊಡ್ಡ ಪಾತ್ರೆ ಎಲ್ಲವೂ ಭವನದಲ್ಲೇ ಇರುತ್ತವೆ. ಒಂದು ರಾತ್ರಿಗೂ ಯಾರೂ ಮನೆಗೆ ಒಯ್ಯುವುದಿಲ್ಲ.

ಸುಗ್ಗಿಗೆ ಮೊದಲೇ ಚುನಾವಣೆ ಆಯಿತು. ಹೊಸ ಮೇಯರ್ ಬಂದರು. ಹಳೆಯ ನೌಕರರಿಗೆಲ್ಲ ಬಾಕಿ ಇದ್ದ ರಜೆ ತೆಗೆದುಕೊಳ್ಳಿ ಎಂದು ಕಾಗದ ಬಂತು. ಮದ್ರಿನಾಗೆ ಹದಿನೈದು ದಿನ. ಅವರು ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ, ಒಂದು ಮಂಗಳವಾರ ಬೆಳಗ್ಗೆ, ಪುರಸಭೆಯ ಮುಂದೆ ಲಾರಿ ಬಂದು ನಿಂತಿತು. ಹೊಸ ಕಂಪ್ಯೂಟರುಗಳನ್ನು ಇಳಿಸಿದರು. ಹಳೆಯ ಕುರ್ಚಿ, ಹಳೆಯ ಬೀರುಗಳನ್ನು ಹತ್ತಿಸಿದರು. ಅಮ್ಮ ಜೋಳದ ಪಾತ್ರೆಯ ಹಿಂದೆ ಕೂತು ಅದನ್ನೆಲ್ಲ ನೋಡಿದಳು. ಬಣ್ಣ ಹೊಡೆಸುತ್ತಿರಬೇಕು ಎಂದುಕೊಂಡಳು. ಮದ್ರಿನಾ ಮನೆ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಇದನ್ನು ಹೇಳುವಾಗ ಅಮ್ಮ ಪ್ರತಿ ಸಲವೂ "ಇಪ್ಪತ್ತೇ ನಿಮಿಷ" ಎನ್ನುತ್ತಾಳೆ.

ಗುರುವಾರ ಎಲ್ಲರೂ ಬುತ್ತಿ ತಗೊಂಡು ಬಂದರು. ಸಭಾಂಗಣದಲ್ಲಿ ಹೊಸ ಮೇಜುಗಳಿದ್ದವು. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ತಂತ್ರಜ್ಞನೊಬ್ಬ ವೈರು ಜೋಡಿಸುತ್ತಿದ್ದ. ನಾನು ಅಮ್ಮನ ಹಿಂದೆ ನಿಂತಿದ್ದೆ.

"ಇಲ್ಲೊಂದು ಕಂಪ್ಯೂಟರ್ ಇತ್ತಲ್ಲಪ್ಪ?" ಎಂದರು ಮದ್ರಿನಾ.

"ಹಳೇವನ್ನೆಲ್ಲ ಅಳಿಸಿ ಹರಾಜಿಗೆ ಕಳಿಸಿದ್ವಿ ಸೆನ್ಯೋರಾ. ಜನರ ಮಾಹಿತಿ ಇರುತ್ತಲ್ಲ, ಅಳಿಸದೆ ಕಳಿಸಂಗಿಲ್ಲ. ನಿಯಮ."

"ಅದರಲ್ಲಿ ನಮ್ಮ ಮಾತುಗಳಿದ್ವು."

"ಏನಿದ್ವು?"

ಮದ್ರಿನಾ ಹೇಳಿದರು. ಮೂರು ವರ್ಷ ಎಂದರು, ನಾಲ್ಕು ಸಾವಿರ ಎಂದರು. ಅವನು ಕೈಯಲ್ಲಿದ್ದ ವೈರು ಕೆಳಗಿಟ್ಟ. ಕೆಟ್ಟವನಲ್ಲ. ಅವನ ಮುಖ ಬಿಳಿಚಿದ್ದನ್ನು ನಾನು ನೋಡಿದೆ.

"ಬೇರೆ ಕಡೆ ಪ್ರತಿ ಇರಬೇಕಲ್ಲ ಸೆನ್ಯೋರಾ? ಅಷ್ಟು ದೊಡ್ಡ ಕೆಲಸಕ್ಕೆ ಪ್ರತಿ ಇಡದೆ ಯಾರಿರ್ತಾರೆ?"

ಮದ್ರಿನಾ ಬೀರು ಇದ್ದ ಜಾಗದ ಕಡೆ ನೋಡಿದರು. ಗೋಡೆಯ ಮೇಲೆ ಅದರ ಅಳತೆಯ ಬಿಳಿ ಗುರುತು ಇತ್ತು.

ಆಮೇಲೆ ಅವರು ಮೂರು ಸಲ, ಹರಾಜಾದ ವಸ್ತುಗಳು ಹೋಗುವ ದೊಡ್ಡ ಪಟ್ಟಣ ರಿಯೋಬಾಂಬಾಕ್ಕೆ ಹೋಗಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರು. ಮೂರನೆಯ ಸಲ ಬೀರು ಸಿಕ್ಕಿತು. ಹಸಿರು ಬಣ್ಣ ಹೊಡೆದಿದ್ದರು, ಒಳಗೆ ಏನೂ ಇರಲಿಲ್ಲ. ಇಂಜೆಗೆ ಫೋನ್ ಮಾಡಿದರು. ಮೊದಲ ವರ್ಷದ ಮಾತುಗಳೂ ತಮ್ಮ ಹತ್ತಿರ ಇಲ್ಲ ಎಂದು ಅವರು ಹೇಳಿದರಂತೆ.

ಹೊಸ ತಂತ್ರಾಂಶ ಬರೀ ಸ್ಪ್ಯಾನಿಷ್. ಅದನ್ನು ಮಾರಿದವರನ್ನು ಕೇಳದೆ ಒಂದು ಮಾತನ್ನೂ ಬದಲಾಯಿಸುವಂತಿಲ್ಲ. ಮದ್ರಿನಾ ಪ್ರತಿಯೊಬ್ಬರಿಗೂ ಪ್ರತಿಯೊಂದು ಸಾಲನ್ನೂ ಬಾಯಲ್ಲಿ ಕಿಚುವಾದಲ್ಲಿ ಹೇಳತೊಡಗಿದರು. ಸಾಲು ಬಾಗಿಲು ದಾಟಿ ಕಮಾನಿನವರೆಗೆ ಬಂತು. "ನಿಮ್ಮ ಕೌಂಟರಿನಲ್ಲಿ ಮಾತು ಜಾಸ್ತಿ, ಕೆಲಸ ಕಮ್ಮಿ" ಎಂದು ಸಾಲ್ಗಾದೊ ಬರೆದು ಕೊಟ್ಟರು. ಈ ಸಲ ಅವರು ಎದುರಾಡಲಿಲ್ಲ.

ಒಂದು ದಿನ ಮಿಕಾಯ್ಲಾ ಅಜ್ಜಿ ಬಂದಳು. ನಾನು ಮದ್ರಿನಾಗೆ ಜೋಳ ಕೊಡಲು ಹೋಗಿದ್ದೆ, ಅಲ್ಲೇ ಇದ್ದೆ. ಅಜ್ಜಿ ಪರದೆಗೆ ಬಗ್ಗಿ ಬೆರಳಿಟ್ಟಳು. ಬೆರಳು ಹಾಗೇ ನಿಂತಿತು.

"ನಮ್ಮ ಮಾತು ಎಲ್ಲಿ ಹೋಯ್ತಮ್ಮ?"

"ಊರಿಗೆ ಹೋಗಿದೆ ಅಜ್ಜಿ."

"ಯಾವಾಗ ಬರುತ್ತೆ?"

ಮದ್ರಿನಾ ಸಹಿ ಹಾಕಲು ಪೆನ್ನು ಕೊಟ್ಟರು. ಅಜ್ಜಿ ಪೆನ್ನನ್ನು ಹಿಂದಕ್ಕೆ ತಳ್ಳಿದಳು. "ನಾನು ಓದದೇ ಇರೋದಕ್ಕೆ ನನ್ನ ಹೆಸರು ಹಾಕಲ್ಲ. ಹೆಬ್ಬೆಟ್ಟೇ ತಗೋ. ಹೆಬ್ಬೆಟ್ಟಿಗೆ ಓದು ಬರಲ್ಲ ಅಂತ ಎಲ್ಲರಿಗೂ ಗೊತ್ತು" ಎಂದಳು. ಮದ್ರಿನಾ ಶಾಯಿಯ ಡಬ್ಬಿ ತೆರೆದರು. ಅಜ್ಜಿಯ ಬೆರಳನ್ನು ತಮ್ಮ ನೀಲಿ ಕೋಟಿನ ತುದಿಯಿಂದ ಒರೆಸಿದರು.

ನಮ್ಮಲ್ಲಿ ಮಿಂಗಾದ ವಸ್ತು ಕಳೆದವರು ಸಭೆಯ ಮುಂದೆ ಕ್ಷಮೆ ಕೇಳಬೇಕು. ಯಾರೂ ಅವರನ್ನು ಕರೆದಿರಲಿಲ್ಲ. ಜೂನ್ ತಿಂಗಳ ಸಭೆಗೆ ಅವರೇ ಬಂದರು. ಹುರಿದ ಎರಡು ಕುಯ್ ಗಿನಿಯಿಲಿ, ಒಂದು ಬುಟ್ಟಿ ಆಲೂಗಡ್ಡೆ ತಂದು ನಡುವೆ ಇಟ್ಟು, ಹ್ಯಾಟ್ ತೆಗೆದು ಮೊಣಕಾಲೂರಿದರು. ಕತ್ತೆಲ್ಲ ಕೆಂಪಾಗಿತ್ತು.

"ನಿಮ್ಮ ಮಾತುಗಳನ್ನ ನನ್ನ ಕೈಗೆ ಕೊಟ್ಟಿದ್ರಿ. ಕಳೆದುಬಿಟ್ಟೆ. ಕ್ಷಮಿಸಿ."

ತಾಯ್ತ ಅಸೆನ್ಸಿಯೊ ಕೋಲೂರಿ ಎದ್ದು ಬಂದು, ಅವರ ಎದುರಿಗೇ ಮೊಣಕಾಲೂರಿದರು. ಅವರಿಗೆ ಆಗ ಎಂಬತ್ತೊಂದು.

"ಏಳು ಮಗಳೇ. ಕಳೆದಿದ್ದು ನೀನಲ್ಲ. ಯಾರೂ ಸಹಿ ಹಾಕಂಗಿಲ್ಲ ಅಂದೋನು ನಾನು."

"ನೀವು ಅಂದ್ರಿ. ಆದ್ರೆ ಕಾಗದ ನನ್ನ ಹತ್ತಿರ ಇತ್ತು ತಾಯ್ತ. ಒಂದು ದಿನ ಹೆಸರು, ವಿಳಾಸ ಎಲ್ಲಾ ತುಂಬಿದ್ದೆ. ಪೆನ್ನು ಕೈಯಲ್ಲೇ ಇತ್ತು. ಸಹಿ ಹಾಕಿ ಕಳಿಸಿ, ಆಮೇಲೆ ನಿಮ್ಮ ಹತ್ತಿರ ಬೈಸಿಕೊಳ್ಳೋಣ ಅಂತ ಇದ್ದೆ."

"ಯಾಕೆ ಹಾಕಲಿಲ್ಲ?"

"ನಿಮ್ಮೆಲ್ಲರಿಗೂ ಹೆದರಿಕೊಂಡೆ."

ತಾಯ್ತ ಹ್ಯಾಟ್ ಅಡ್ಡ ಹಿಡಿದು ಅತ್ತರು. ಕೊನೆಗೆ ಹೆಂಗಸರು ಇಬ್ಬರನ್ನೂ ಎಬ್ಬಿಸಿ ಕೂರಿಸಿದರು. ಸಭೆ ಕ್ಷಮಿಸಿತು, ಎಲ್ಲರೂ ಅವರು ತಂದದ್ದನ್ನು ಹಂಚಿಕೊಂಡು ತಿಂದರು. ತಿಂದರೆ ಕ್ಷಮಿಸಿದ ಹಾಗೆ. ಮದ್ರಿನಾ ಕೂಡ ತಿಂದರು. ಆದರೆ ಆಮೇಲೆ ಯಾವ ಮಿಂಗಾಕ್ಕೂ ಅವರು ಬರಲಿಲ್ಲ. ತಮ್ಮ ಬದಲಿಗೆ ಅಣ್ಣನ ಸೊಸೆಯನ್ನು ಕಳಿಸುತ್ತಿದ್ದರು.

ಎರಡು ವರ್ಷದ ಮೇಲೆ ಆಗಸ್ಟ್ ಗಾಳಿಯಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಒಂಬತ್ತು ದಿನ ಮಲಗಿದ್ದರು. ಅಮ್ಮ ಅವರ ಜೊತೆಗಿದ್ದಳು. ಐದನೆಯ ದಿನ ದಿಂಬಿನ ಕೆಳಗಿನಿಂದ ಹತ್ತೊಂಬತ್ತು ಹಾಳೆ ತೆಗೆದುಕೊಟ್ಟರು. ಹಳೆಯ ಅರ್ಜಿ ನಮೂನೆಗಳ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಮಾತುಗಳು. ನೆನಪಾದಂತೆಲ್ಲ ಬರೆದಿಟ್ಟಿದ್ದರು. ಮುನ್ನೂರ ಎಂಟು ಇವೆ, ನಾನು ಎಣಿಸಿದ್ದೇನೆ.

"ಇಷ್ಟೇ ಬರೋದು ದಿಗ್ನಾ. ಎಲ್ಲರೂ ಹೇಳಿದ್ದನ್ನ ಬೆರಳಚ್ಚು ಮಾಡಿದ್ದು ನಾನೇ, ಆದ್ರೂ ತಲೇಲಿ ಉಳಿದಿರೋದು ಇಷ್ಟೇ. ಉಳಿದಿದ್ದು ಹೇಳಿದೋರಿಗೇ ನೆನಪಿರಬೇಕು."

"ಹೋಗಿ ಕೇಳ್ಬಹುದಿತ್ತಲ್ಲ ಕೊಮಾದ್ರೆ?"

"ಯಾವ ಮುಖ ಇಟ್ಕೊಂಡು?"

ಅವರು ಹೋದದ್ದು ಭಾನುವಾರ ಮಧ್ಯಾಹ್ನ. ಸಮಾಧಿಯ ಜಾಗಕ್ಕೆ ಅರ್ಜಿ ಹಾಕಲು ನಾನೇ ಪುರಸಭೆಗೆ ಹೋದೆ. ಮೂರನೆಯ ಕೌಂಟರಿನಲ್ಲಿ ಹೊಸಬರಿದ್ದರು, ಕಿಚುವಾ ಬಾರದವರು. ನನಗೆ ಸ್ಪ್ಯಾನಿಷ್ ಬರುತ್ತದೆ, ಆದ್ದರಿಂದ ತೊಂದರೆ ಆಗಲಿಲ್ಲ. ನನ್ನ ಹಿಂದೆ ನಿಂತಿದ್ದ ಹೆಂಗಸು ನನ್ನ ಶಾಲು ಎಳೆದು, ಪರದೆಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಹೇಳಿದೆ. ಅವಳ ಹಿಂದಿನವರೂ ಕೇಳಿದರು.

ಅರವತ್ತೊಂದು ಜನರಲ್ಲಿ ನಲವತ್ತನಾಲ್ಕು ಜನ ಇನ್ನೂ ಇದ್ದಾರೆ. ಒಬ್ಬೊಬ್ಬರಿಗೂ ನೆನಪಿರುವ ಮಾತುಗಳನ್ನು ಕೇಳಿ ಬರೆದುಕೊಳ್ಳಲು ಅವರ ಪಟ್ಟಿ ಮಾಡಿದ್ದೇನೆ. ಮೂವರಿಗೆ ಈಗ ಸರಿಯಾಗಿ ಕಿವಿ ಕೇಳುವುದಿಲ್ಲ, ಆದ್ದರಿಂದ ಅವರಿಂದಲೇ ಮೊದಲು ಮಾಡಬೇಕು. ಬೇರೆಯವರ ಮನೆಗೆ ಹೋಗಿ ಮಾತನಾಡುವುದು ನನಗೆ ಕಷ್ಟ. ಮೊದಲ ದಿನ ಅಮ್ಮ ಜೊತೆಗೆ ಬರುತ್ತೇನೆ ಎಂದಿದ್ದಾಳೆ.

ಸೋಮವಾರ ಬೆಳಗ್ಗೆ ಹತ್ತೊಂಬತ್ತು ಹಾಳೆಗಳನ್ನು ಎರಡು ಪ್ರತಿ ಮಾಡಿಸಿ, ಒಂದನ್ನು ಭವನದಲ್ಲಿ ಕೊಟ್ಟು, ಒಂದನ್ನು ನಮ್ಮ ಮನೆಯಲ್ಲಿ ಇಡುತ್ತೇನೆ. ಆಮೇಲೆ ತಾಯ್ತ ಅಸೆನ್ಸಿಯೊ ಅವರ ಮನೆಗೆ ಹೋಗುತ್ತೇನೆ.